ಇಪ್ಪತ್ಮೂರು ಸಲ ಬಂದ ಸಾಲು

ಪದ್ಮನಾಭನಗರದ ಬಸ್ ಸ್ಟಾಪಿನ ಎದುರು, ಟ್ಯೂಷನ್ ಸೆಂಟರೊಂದರ ಕೆಳಗೆ, ‘ಶುದ್ಧಾಕ್ಷರ ಡಿ.ಟಿ.ಪಿ. ಸೆಂಟರ್’ ನಡೆಸುತ್ತಿದ್ದ ಸೇತುರಾಮರಿಗೆ ಜೀವನದಲ್ಲಿ ಒಂದೇ ಒಂದು ಶತ್ರು ಇತ್ತು: ಪುನರುಕ್ತಿ. ಈ ‘ಒಂದೇ ಒಂದು’ ಎಂಬುದನ್ನೂ ಅವರು ಬಿಡುತ್ತಿರಲಿಲ್ಲ. ‘ಒಂದು’ ಸಾಕಲ್ಲ, ಇನ್ನೊಂದು ಯಾಕೆ ಎನ್ನುತ್ತಿದ್ದರು.

ಇಪ್ಪತ್ತಾರು ವರ್ಷ ಬಸವನಗುಡಿಯ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಕಂಪ್ಯೂಟರ್ ಬಂದ ಹೊಡೆತಕ್ಕೆ ಮುದ್ರಣಾಲಯ ಮುಚ್ಚಿತು. ಸೇತುರಾಮರು ಹೊಡೆದವನ ಜೊತೆಯಲ್ಲೇ ರಾಜಿಯಾಗಿ, ಒಂದು ಹಳೇ ಕಂಪ್ಯೂಟರ್ ಕೊಂಡು ಅಂಗಡಿ ಹಾಕಿದರು. ಮದುವೆ ಪತ್ರಿಕೆ, ಸಂಘದ ವರದಿ, ಕಾಲೇಜು ಹುಡುಗರ ಪ್ರಾಜೆಕ್ಟು, ಯಾವುದು ಬಂದರೂ ಮೊದಲು ಕೆಂಪು ಪೆನ್ನು, ಆಮೇಲೆ ಕೀಲಿಮಣೆ. ಒಮ್ಮೆ ಮಠದ ಕರಪತ್ರವೊಂದರಲ್ಲಿ ಸ್ವಾಮೀಜಿಗಳ ಹೆಸರಿನ ಹಿಂದಿದ್ದ ಮೂರು ‘ಶ್ರೀ’ಗಳಲ್ಲಿ ಎರಡನ್ನು ಹೊಡೆದುಹಾಕಿದ್ದರು. ಸಮಿತಿಯವರು ಮ್ಯಾಟಡೋರ್ ಮಾಡಿಕೊಂಡು ಬಂದರು. “ಸ್ವಾಮಿ, ಅರ್ಥಕ್ಕೆ ಏನೂ ಕೊರತೆಯಾಗಿಲ್ಲವಲ್ಲ” ಎಂದು ಸೇತುರಾಮರು ವಾದಿಸಿದರು. ಆ ವಾದವನ್ನು ಎರಡನೇ ಸಲ ಹೇಳುವ ಧೈರ್ಯ ಮಾತ್ರ ಮಾಡಲಿಲ್ಲ. ಲೇಖಕರೆಂದು ಹೇಳಿಕೊಳ್ಳುವ ನಮ್ಮಂಥವರ ಪುಸ್ತಕಗಳೂ ಅವರ ಕೈಗೆ ಸಿಕ್ಕಿ ಅರ್ಧವಾಗಿ ಹೊರಬಂದಿವೆ. ಉಳಿದರ್ಧವನ್ನೂ ಯಾಕೆ ಬಿಟ್ಟರು ಅಂತ ಓದುಗರು ಕೇಳಿದ್ದು ಬೇರೆ ವಿಷಯ.

ಇಂಥವರ ಅಂಗಡಿಗೆ ತೊಂಬತ್ತೆಂಟನೇ ಇಸವಿಯ ಜೂನ್ ತಿಂಗಳಲ್ಲಿ ದುಂಡಪ್ಪ ಬಂದರು. ಗೋಕಾಕದ ಕಡೆಯವರು, ಬಿಟಿಎಮ್ಮಿನಲ್ಲಿ ಬಾಡಿಗೆ ಮನೆ. ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾದ ಮೇಲೆ ಊರಾಚೆಯ ಪೊಲೀಸ್ ತರಬೇತಿ ಶಾಲೆಯೊಂದರಲ್ಲಿ ಬಂದೂಕು ಕಲಿಸುವ ಕೆಲಸ. ಅಲ್ಲಿ ಅವರನ್ನು ‘ಉಸ್ತಾದ್’ ಅನ್ನುತ್ತಿದ್ದರು. ಕಂಕುಳಲ್ಲಿ ಉದ್ದನೆಯ ನೋಟ್‌ಬುಕ್ ಇತ್ತು.

“ಸರ, ಇದು ಎಸ್ಸೆಲ್ಲಾರ್ ರೈಫಲ್ಲಿನ ಪುಸ್ತಕ ರೀ. ಹೆಂಗ ಬಿಚ್ಚೂದು, ಹೆಂಗ ಒರಸೂದು, ಹೆಂಗ ಕೂಡಿಸೂದು, ಎಲ್ಲಾ ಬರದೀನಿ.”

ಸೇತುರಾಮರು ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿದರು. ದೀಪಾವಳಿಯ ಪಟಾಕಿ ಪಿಸ್ತೂಲಿಗೂ ಕಿವಿ ಮುಚ್ಚಿಕೊಳ್ಳುವ ಜೀವ ಅದು. “ಇದಕ್ಕೆ ಪುಸ್ತಕ ಆಗ್ಲೇ ಇರತ್ತಲ್ಲ ಹವಾಲ್ದಾರ್ರೇ?”

“ಐತ್ರಿ, ಹಿಂದ್ಯಾಗ, ಇಂಗ್ಲೀಷಿನ್ಯಾಗ. ನಮ್ಮ ಹುಡುಗೂರು ಗಿಳಿ ಹಂಗ ಬಾಯಿಪಾಠ ಮಾಡ್ತಾವ. ಕೈಯಾಗ ಏನೈತಿ ಅಂತ ಕೇಳಿದ್ರ ಮಾರಿ ಮಾರಿ ನೋಡ್ತಾವ. ಎರಡು ವರ್ಷ ಕುಂತು ಬರದೀನ್ರೀ ಸರ. ಮುಂದಿನ ವಾರ ಗುರುವಾರ ಹೊಸಾ ಬ್ಯಾಚು ಬರತೈತಿ. ನಮ್ಮ ಟ್ರೇನಿಂಗ್ ಸಾಲಿ ಮೇಡಮ್ಮಾರು ಒಪ್ಪಿದ್ರ ಇದಾ ಪುಸ್ತಕ, ಇಲ್ಲಾಂದ್ರ ಮತ್ತ ಗಿಳಿಪಾಠ. ಇನ್ನೂರು ಕಾಪಿ ಬೇಕು.”

“ಕರಡು ನೋಡ್ತೀರಾ?”

“ನೀವು ನೋಡಿದ್ರ ಸಾಕು. ಬೋರ್ಡಿನ್ಯಾಗ ಶುದ್ಧಾಕ್ಷರ ಅಂತ ಬರಸೀರಲ್ಲ.”

ಸೇತುರಾಮರು ಅಂದೇ ಓದಲು ಕೂತರು. ಬೋಲ್ಟು ಎಂದರೆ ಮಂಚಕ್ಕೆ ಹಾಕುವುದಲ್ಲ, ಗುಂಡನ್ನು ಹಿಂದಿನಿಂದ ಒತ್ತಿ ಹಿಡಿಯುವ ಉಕ್ಕಿನ ತುಂಡು ಎಂದು ಐವತ್ತೆರಡನೇ ವಯಸ್ಸಿನಲ್ಲಿ ತಿಳಿದು ಸಂತೋಷಪಟ್ಟರು. ಭಾಷೆಯೂ ಅಚ್ಚುಕಟ್ಟಾಗಿತ್ತು. ಆದರೆ ಒಂದು ಸಾಲು ಅವರ ಕಣ್ಣಿಗೆ ಕಲ್ಲಿನಂತೆ ಸಿಕ್ಕಿತು: ‘ಮ್ಯಾಗಜೀನ್ ತಗದೀ? ಚೇಂಬರ್ ಖಾಲಿ ಐತಿ? ಕಣ್ಣಿಲೆ ನೋಡು. ಬೆರಳ ಹಾಕಿ ನೋಡು.’ ಮ್ಯಾಗಜೀನ್ ಎಂದರೆ ಗುಂಡು ತುಂಬುವ ಪೆಟ್ಟಿಗೆ, ಚೇಂಬರ್ ಎಂದರೆ ಗುಂಡು ಹೋಗಿ ಕೂರುವ ಗೂಡು. ಸರಿ, ಒಳ್ಳೆಯ ಮಾತು. ಆದರೆ ಅದು ಮೂರನೇ ಪುಟದಲ್ಲಿತ್ತು, ಐದನೇ ಪುಟದಲ್ಲಿತ್ತು, ಆರರ ಮೇಲೂ ಇತ್ತು, ಕೆಳಗೂ ಇತ್ತು. ಸೇತುರಾಮರು ಎಣಿಸಿದರು. ನಲವತ್ತು ಪುಟದಲ್ಲಿ ಇಪ್ಪತ್ಮೂರು ಸಲ!

“ಪಾಪ, ಮನುಷ್ಯ ಮರೆತಿದಾನೆ” ಎಂದುಕೊಂಡು ಅವರು ಕೆಂಪು ಪೆನ್ನು ತೆಗೆದರು. ಮೂರನೇ ಪುಟದ ಸಾಲನ್ನು ಮಾತ್ರ ಉಳಿಸಿ, ಅದಕ್ಕೆ ದಪ್ಪ ಅಕ್ಷರದ ಗೌರವವನ್ನೂ ಕೊಟ್ಟು, ಉಳಿದ ಇಪ್ಪತ್ತೆರಡನ್ನು ಹೊಡೆದರು. ಪುಸ್ತಕ ಮೂವತ್ತಾರು ಪುಟಕ್ಕೆ ಇಳಿದು ನದಿಯಂತೆ ಹರಿಯಿತು. ವಿಲ್ಸನ್ ಗಾರ್ಡನ್ನಿನಲ್ಲಿ ಪ್ರೆಸ್ಸಿಟ್ಟಿದ್ದ ಪಿಳ್ಳಣ್ಣ ಅಚ್ಚು ಹಾಕಿಕೊಟ್ಟ. ಶನಿವಾರ ದುಂಡಪ್ಪ ಬಂದು, ಮುಖಪುಟದ ಮೇಲೆ ತಮ್ಮ ಹೆಸರು ಕಂಡು ಮಗು ಹಿಡಿದಂತೆ ಒಂದು ಪ್ರತಿ ಹಿಡಿದುಕೊಂಡು ಹೋದರು. ಉಳಿದ ಕಟ್ಟುಗಳು ಅಂಗಡಿಯಲ್ಲೇ ಇದ್ದವು.

ಸೋಮವಾರ ಬೆಳಿಗ್ಗೆ ಅವರು ಮತ್ತೆ ಬಂದಾಗ ಮಗು ಹಿಡಿದ ಮುಖವಿರಲಿಲ್ಲ.

“ಸರ, ಗಾಡಿ ಹತ್ತರಿ.”

“ಎಲ್ಲಿಗೆ?”

“ಹತ್ತರಿ, ಹೇಳ್ತೀನಿ.”

ಹೇಳಲಿಲ್ಲ. ಎಂ-ಏಟಿ ಗಾಡಿಯ ಹಿಂದೆ ಚಪ್ಪಲಿ ಬೀಳದಂತೆ ಕಾಲ್ಬೆರಳು ಬಿಗಿಹಿಡಿದು ಕೂತ ಸೇತುರಾಮರು ತರಬೇತಿ ಶಾಲೆಯ ಜಗುಲಿಯಲ್ಲಿ ಇಳಿದರು. ನೆಲಕ್ಕೆ ಹಾಸಿದ ಜಮಖಾನದ ಮೇಲೆ ಒಂದು ರೈಫಲ್ ಮಲಗಿತ್ತು. ಪಕ್ಕದಲ್ಲಿ ಅವರದೇ ಪುಸ್ತಕ. ಹಳೇ ಬ್ಯಾಚಿನ ನಾಲ್ಕು ಜನ ಚಾ ಹಿಡಿದು ನಿಂತಿದ್ದರು.

“ನಿಮ್ಮ ಪುಸ್ತಕ, ನಿಮ್ಮ ಕೈ. ಬೋಲ್ಟ್ ಬಿಚ್ಚರಿ” ಎಂದರು ದುಂಡಪ್ಪ.

“ನಾನಾ? ಹವಾಲ್ದಾರ್ರೇ, ನಾನು ಮನೇಲಿ ಕುಕ್ಕರ್ ಮುಚ್ಚಳಾನೂ ತೆಗೆಯೋನಲ್ಲ!”

“ಪುಸ್ತಕ ಐತೆಲ್ರೀ. ಅದರಾಗ ಇದ್ದಂಗ ಮಾಡ್ರಿ.”

ಸೇತುರಾಮರು ಪುಸ್ತಕ ತೆಗೆದರು. ಬೋಲ್ಟಿನ ಪಾಠ ಹದಿನೇಳನೇ ಪುಟದಲ್ಲಿತ್ತು. ನೇರವಾಗಿ ಅಲ್ಲಿಗೇ ಹೋದರು. ಬಂದೂಕನ್ನು ಮಡಿಲಿಗೆ ಎಳೆದುಕೊಂಡು, ಕಣ್ಣು ಪುಸ್ತಕದಲ್ಲಿ, ಕೈ ಉಕ್ಕಿನ ಮೇಲೆ, ಬಾಯಲ್ಲಿ ಆಂಜನೇಯ. ಅದರ ಮೂತಿ ಚಾ ಕುಡಿಯುತ್ತಿದ್ದವರ ಕಡೆ ತಿರುಗಿದ್ದು ಅವರಿಗೆ ಗೊತ್ತೇ ಆಗಲಿಲ್ಲ.

“ಥಂ!” ಎಂದು ಕವಾಯತಿನ ದನಿಯಲ್ಲಿ ತಡೆದರು ದುಂಡಪ್ಪ.

ಸೇತುರಾಮರು ಕಲ್ಲಾದರು. ದುಂಡಪ್ಪ ಬಂದೂಕನ್ನು ತೆಗೆದುಕೊಂಡು, ಬದಿಯ ಹಿಡಿಕೆಯನ್ನು ಒಮ್ಮೆ ಹಿಂದಕ್ಕೆ ಎಳೆದರು. ಟಣ್ ಎಂದು ಹಿತ್ತಾಳೆಯ ಗುಂಡೊಂದು ಹಾರಿ ಜಮಖಾನದ ಮೇಲೆ ಉರುಳಿ, ಸೇತುರಾಮರ ಮೊಣಕಾಲಿಗೆ ತಾಗಿ ನಿಂತಿತು.

“ಹೆದರಬ್ಯಾಡ್ರಿ, ಡ್ರಿಲ್ ಗುಂಡು, ಒಳಗ ಮದ್ದಿಲ್ಲ. ಬಂದೂಕೂ ಹಾರೂದಲ್ಲ. ಖರೇದಾಗಿದ್ರ?”

“ಆದ್ರೆ… ಖಾಲಿ ಇದೆಯಾ ನೋಡು ಅಂತ ಮೂರನೇ ಪುಟದಲ್ಲಿ ದಪ್ಪಕ್ಷರದಲ್ಲೇ ಹಾಕಿದೀನಲ್ಲ!”

“ನೀವು ಮೂರನೇ ಪುಟಾ ಓದಿದ್ರ್ಯಾ ಈಗ?”

ಸೇತುರಾಮರು ತೆರೆದಿದ್ದ ಪುಟದ ಸಂಖ್ಯೆ ನೋಡಿದರು. ಇಡೀ ಪುಸ್ತಕವನ್ನು ಅಕ್ಷರ ಅಕ್ಷರ ತಿದ್ದಿದವರೇ ಹದಿನೇಳನೇ ಪುಟದಿಂದ ಶುರುಮಾಡಿದ್ದರು.

ದುಂಡಪ್ಪ ಪಕ್ಕದಲ್ಲಿ ಕೂತರು. ದನಿಯಲ್ಲಿ ಸಿಟ್ಟಿರಲಿಲ್ಲ. “ಇದು ಕಾದಂಬರಿ ಅಲ್ರೀ ಸರ, ಮೊದಲಿಂದ ಓದಾಕ. ಎಲ್ಲಿ ತಿಳಿಯಂಗಿಲ್ಲೋ ಅಲ್ಲೇ ತಗೀತಾರ. ನಮ್ಮ ಕಂಪನ್ಯಾಗ ಒಬ್ಬಾತ ಇದ್ದ. ಆರು ವರ್ಷ ದಿನಾ ಬಂದೂಕ ತಿಕ್ಕಿದಾವ. ಒಂದಿನ ನಡುವ ಚಾ ಕುಡ್ಯಾಕ ಎದ್ದ. ಅಷ್ಟರಾಗ ಯಾರೋ ಬಂದೂಕ ತಗೊಂಡು ಹೋಗಿ, ಗುಂಡು ಒಳಗಿದ್ದಂಗನ ಮತ್ತ ತಂದಿಟ್ಟಾರ. ಇಂವ ಬಂದು, ಎಲ್ಲಿ ಬಿಟ್ಟಿದ್ನೋ ಅಲ್ಲಿಂದ ಶುರು ಮಾಡ್ಯಾನ. ಬಾಜೂಕ ಕುಂತಿದ್ದಾತನ ಕಾಲಿಗೆ ಹೊಕ್ತು. ಜೀವ ಉಳೀತು, ನೌಕರಿ ಹೋತು. ಅದಕ್ಕ ನಾ ಇಪ್ಪತ್ಮೂರು ಸಲ ಬರದೀನಿ. ಚಾ ಕುಡದು ಯಾವ ಪುಟಕ್ಕ ಬಂದ್ರೂ ಆ ಸಾಲು ಎದುರಾಗಬೇಕು.”

ಸೇತುರಾಮರ ಕಿವಿ ಬಿಸಿಯಾಯಿತು. ಇದೇ ಪುಸ್ತಕ ಗುರುವಾರ ಮೇಡಂ ಕೈಗೆ ಹೋಗುವುದು, ಅವರು ಒಪ್ಪಿದರೆ ಇನ್ನೂರು ಮಕ್ಕಳ ಕೈಗೆ. ಸಾಲಿಲ್ಲದ ಪುಸ್ತಕ ಕೊಡುವುದಕ್ಕಿಂತ ಗಿಳಿಪಾಠವೇ ಮೇಲು ಎಂದು ದುಂಡಪ್ಪನವರ ಮುಖ ಹೇಳುತ್ತಿತ್ತು.

“ಮತ್ತೆ ಅಚ್ಚು ಹಾಕೋಣ” ಎಂದರು ಸೇತುರಾಮರು. ಪಿಳ್ಳಣ್ಣನಿಗೆ ಫೋನು ಮಾಡಿದರೆ, ಆಷಾಢ ಬರುವ ಮುಂಚೆ ಮುಗಿಸಬೇಕಾದ ಮದುವೆ ಪತ್ರಿಕೆಗಳಲ್ಲಿ ಅವನು ಮುಳುಗಿದ್ದ. “ಸಾರ್, ನೀವು ಗುಂಡು ಹೊಡೆದ್ರೂ ಶುಕ್ರವಾರಕ್ಕೆ ಮುಂಚೆ ಆಗಲ್ಲ.”

ಮಧ್ಯಾಹ್ನದ ಹೊತ್ತಿಗೆ ಸೇತುರಾಮರು ಜಯನಗರ ಕಾಂಪ್ಲೆಕ್ಸಿನಲ್ಲಿ ಸೀಲು ಮಾಡುವವನ ಮುಂದೆ ನಿಂತಿದ್ದರು. ದುಂಡಪ್ಪನವರ ಸಾಲನ್ನು ಅವರ ಮಾತಿನಲ್ಲೇ, ಒಂದಕ್ಷರ ತಿದ್ದದೆ, ರಬ್ಬರ್ ಸ್ಟಾಂಪು ಮಾಡಿಸಿದರು. ಎರಡು ಸ್ಟಾಂಪು, ಎರಡು ಕೆಂಪು ಇಂಕ್ ಪ್ಯಾಡು. ಇಪ್ಪತ್ತೆರಡು ಜಾಗ, ಇನ್ನೂರು ಪ್ರತಿ. ಒಟ್ಟು ನಾಲ್ಕು ಸಾವಿರದ ನಾನೂರು ಸಲ ಒಂದೇ ಮಾತನ್ನು ಹೇಳುವ ಶಿಕ್ಷೆ, ಪುನರುಕ್ತಿಯ ಶತ್ರುವಿಗೆ.

ಮಂಗಳವಾರ, ಬುಧವಾರ ಅಂಗಡಿಯ ಬಾಗಿಲಿಗೆ ‘ಕೆಲಸವಿದೆ’ ಎಂಬ ರಟ್ಟು ಬಿತ್ತು. ದುಂಡಪ್ಪ ರಜೆ ಹಾಕಿ ಬಂದು ಎದುರು ಕೂತರು. ಸೇತುರಾಮರ ಹೆಂಡತಿ ಜಯಾ ಊಟದ ಡಬ್ಬಿ ತಂದವರು, ಗಂಡನ ಮೂಗಿನ ಮೇಲಿನ ಕೆಂಪು ಇಂಕು ನೋಡಿ, “ಏನ್ರೀ ಇದು, ಯುದ್ಧಕ್ಕೆ ಹೋಗಿದ್ರಾ?” ಎಂದರು.

“ಸೋತು ಬಂದಾರ್ರೀ ಅಕ್ಕಾರ” ಎಂದರು ದುಂಡಪ್ಪ, ಸ್ಟಾಂಪು ಒತ್ತುತ್ತಾ.

ಜಯಾ ಸೀರೆಯ ಸೆರಗು ಸಿಕ್ಕಿಸಿಕೊಂಡು ಕೂತು ಪುಟ ತಿರುವಿಕೊಟ್ಟರು. ಬುಧವಾರ ಸಂಜೆ ಐದಕ್ಕೆ ಕೊನೆಯ ಪ್ರತಿ ಮುಗಿದಾಗ ಸೇತುರಾಮರಿಗೆ ಕಾಫಿ ಲೋಟ ಎತ್ತಲು ಎಡಗೈ ಬೇಕಾಯಿತು.

ಗುರುವಾರ ಶಾಲೆಯ ಮುಖ್ಯಸ್ಥೆ ಉಮಾಮಹೇಶ್ವರಿ ಮೇಡಂ ಪುಸ್ತಕವನ್ನು ತಿರುವಿ ಹಾಕಿದರು. ಸೇತುರಾಮರು ಬಾಗಿಲ ಪಕ್ಕ ನಿಂತಿದ್ದರು.

“ಇದೇನ್ರೀ, ಪುಟಪುಟಕ್ಕೂ ಕೆಂಪು? ಎರಡು ಬಣ್ಣದಲ್ಲಿ ಪ್ರಿಂಟ್ ಮಾಡ್ಸಿದೀರಾ?”

“ಹ್ಞೂಂರಿ ಮೇಡಂ” ಎಂದರು ದುಂಡಪ್ಪ, ಸೇತುರಾಮರ ಕಡೆ ನೋಡದೆ.

“ನೋಡೋಣ, ಹೇಗೆ ಕೆಲಸ ಮಾಡತ್ತೆ. ಹೊಸಬರಲ್ಲಿ ಒಬ್ಬರನ್ನ ಕರೀರಿ.”

ರಾಯಚೂರಿನ ಕಡೆಯ ಮರಿಯಮ್ಮ ಎಂಬ ಹುಡುಗಿ ಮುಂದೆ ಬಂದಳು. ಹೊಸ ಖಾಕಿಯ ಗಂಜಿ ಇನ್ನೂ ಇಳಿದಿರಲಿಲ್ಲ. ಜಮಖಾನದ ಮೇಲೆ ಅದೇ ರೈಫಲ್. ಒಳಗೆ ಏನಿದೆಯೆಂದು ದುಂಡಪ್ಪನವರಿಗೆ ಮಾತ್ರ ಗೊತ್ತಿತ್ತು. ಅವಳು ಪುಸ್ತಕ ತೆಗೆದಳು. ಎಲ್ಲರಂತೆ ನೇರವಾಗಿ ಹದಿನೇಳನೇ ಪುಟ.

ಅವಳ ಬೆರಳು ಕೆಂಪಕ್ಷರದ ಮೇಲೆ ನಿಂತಿತು. ತುಟಿ ಅಲುಗಾಡಿತು. ಮೂತಿಯನ್ನು ಗೋಡೆಯ ಕಡೆ ತಿರುಗಿಸಿ, ಮ್ಯಾಗಜೀನ್ ತೆಗೆದು ಪಕ್ಕಕ್ಕಿಟ್ಟಳು. ಹಿಡಿಕೆ ಎಳೆದಳು. ಟಣ್. ಹಿತ್ತಾಳೆಯ ಗುಂಡು ಜಮಖಾನಕ್ಕೆ ಬಿತ್ತು. ಸಾಲಿನಲ್ಲಿ ನಿಂತವರೆಲ್ಲ ‘ಹೋ’ ಎಂದರು. ಅವಳು ಅವರ ಕಡೆ ನೋಡದೆ ಬಗ್ಗಿ ಗೂಡಿನೊಳಗೆ ಕಣ್ಣು ಹಾಯಿಸಿದಳು, ಬೆರಳು ಹಾಕಿ ನೋಡಿದಳು. ಮತ್ತೊಮ್ಮೆ ಹಿಡಿಕೆ ಎಳೆದು, ಮತ್ತೊಮ್ಮೆ ಬಗ್ಗಿ, ಮತ್ತೊಮ್ಮೆ ಬೆರಳು ಹಾಕಿದಳು.

“ಸಿಕ್ತಲ್ಲವಾ, ಮತ್ತ ಯಾಕ?” ಎಂದರು ದುಂಡಪ್ಪ.

“ಈ ಪುಟದಾಗ ಎರಡ ಸಲ ಐತ್ರಿ ಉಸ್ತಾದ್.”

ಮೇಡಂ ಪುಸ್ತಕ ಇಸಿದುಕೊಂಡು ನೋಡಿದರು. ಹೌದು. ಹದಿನೇಳನೇ ಪುಟದಲ್ಲಿ ಸಾಲು ಒಂದರ ಕೆಳಗೊಂದು ಎರಡು ಬಾರಿ ಇತ್ತು. ಸೇತುರಾಮರ ಸೋತ ಮಣಿಕಟ್ಟು ಒತ್ತಿದ್ದನ್ನು ಮರೆತು ಇನ್ನೊಮ್ಮೆ ಒತ್ತಿತ್ತು.

“ಬೋಲ್ಟಿಗೆ ಡಬಲ್ ಚೆಕ್. ಒಳ್ಳೆ ಯೋಚನೆ” ಎಂದರು ಮೇಡಂ. “ಎಲ್ಲಾ ಕಾಪಿಯಲ್ಲೂ ಹೀಗೇ ಇದೆ ತಾನೇ?”

ದುಂಡಪ್ಪ ಈಗ ಸೇತುರಾಮರ ಕಡೆ ತಿರುಗಿದರು. ಅದು ಕೈತಪ್ಪು, ಆ ಒಂದು ಪ್ರತಿಯದ್ದು ಎಂದು ಹೇಳಲು ಕರಡು ತಿದ್ದುವವರ ನಾಲಿಗೆ ತುದಿಗೆ ಬಂತು. ಸೇತುರಾಮರು ಅದನ್ನು ನುಂಗಿದರು.

“ಇಲ್ಲ ಮೇಡಂ, ಒಂದು ಗಂಟೆ ಟೈಮ್ ಕೊಡಿ” ಎಂದು ಜೇಬಿನಿಂದ ಸ್ಟಾಂಪು, ಇಂಕ್ ಪ್ಯಾಡು ತೆಗೆದು, ಉಳಿದ ನೂರ ತೊಂಬತ್ತೊಂಬತ್ತು ಪ್ರತಿಗಳ ಮುಂದೆ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.