ಅಕ್ಕನ ಹೆಸರಿದ್ದ ಗಾಡಿ

ತುಮಕೂರಿನ ಇಂಡಸ್ಟ್ರಿಯಲ್ ಏರಿಯಾದ ಒಂದು ವರ್ಕ್‌ಶಾಪಿನಲ್ಲಿ ನಾನು ಲೇತ್ ಆಪರೇಟರ್. ವಾರವೆಲ್ಲ ಕಬ್ಬಿಣ ಕೊರೆದವನು ಭಾನುವಾರವೂ ಕೂತು, ಹೆಬ್ಬೆರಳಿನಷ್ಟು ಬಾಗಿಲಿಗೆ ಎಮರಿ ಪೇಪರ್ ಉಜ್ಜುವುದು ನನ್ನ ಹೆಂಡತಿಗೆ ಯಾವತ್ತೂ ಅರ್ಥವಾಗಿಲ್ಲ. ಪ್ಲಾಸ್ಟಿಕ್ ಕಿಟ್ ತರಿಸಿ ಸಣ್ಣ ಗಾಡಿಗಳನ್ನು ಮಾಡುವುದು ನನ್ನ ಹುಚ್ಚು. ಬಸ್ಸು, ಜೀಪು, ಒಂದೆರಡು ಟ್ರಾಕ್ಟರು ಮಾಡಿದ್ದೆ. ಗುಬ್ಬಿಯ ಭಾವ, ಅಂದರೆ ನನ್ನ ಅಕ್ಕನ ಗಂಡ, ಒಂದು ಸಲ ಮೊಬೈಲಿನಲ್ಲಿ ಅವುಗಳ ಫೋಟೊ ನೋಡಿದರು.

"ನಮ್ ಪಿಕಪ್‌ದೂ ಒಂದು ಮಾಡ್ಕೊಡಯ್ಯ. ಅಂಗಡಿ ಟೇಬಲ್ ಮೇಲೆ ಇಡ್ತೀನಿ. ನೋಡ್ದೋರು ಅದೇ ಗಾಡಿ ಅನ್ಬೇಕು, ಹಂಗಿರ್ಲಿ."

ಆಯ್ತು ಭಾವ ಅಂದೆ. ಆ ಗಾಡಿಯ ವಿಷಯದಲ್ಲಿ ಅವರಿಗೆ ಇಲ್ಲ ಅನ್ನುವ ಧೈರ್ಯ ನನಗಿರಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ಭಾವನದು ತೆಂಗಿನಕಾಯಿ ವ್ಯಾಪಾರ. ಮೊದಲೆಲ್ಲ ಬಾಡಿಗೆ ಗಾಡಿಯಲ್ಲೇ ಕಾಯಿ ಸಾಗಿಸುತ್ತಿದ್ದರು. ಸ್ವಂತಕ್ಕೊಂದು ಪಿಕಪ್ ತೆಗೆದುಕೊಳ್ಳೋಣ ಅಂದಾಗ ಅಕ್ಕ ತವರಿಂದ ಬಂದ ಸರ, ಬಳೆ ಎಲ್ಲ ಬಿಚ್ಚಿಕೊಟ್ಟಳು. ಅದಕ್ಕೇ ಗಾಡಿಯ ಮುಂದೆ, ಗಾಜಿನ ಮೇಲ್ಗಡೆಯ ಹಣೆಯಲ್ಲಿ, ಅವಳ ಹೆಸರು ಬರೆಸಿದರು. ಬರೆದವರು ಬೋರ್ಡು ಬರೆಯುವ ಒಬ್ಬ ವಯಸ್ಸಾದ ಸಾಬರು. ಅವರು ಬರೆಯುವಷ್ಟು ಹೊತ್ತೂ ಅಕ್ಕ ಬಿಸಿಲಲ್ಲಿ ನಿಂತು ನೋಡುತ್ತಿದ್ದಳು. "ಇನ್ನೊಂಚೂರು ದಪ್ಪ ಬರೀರಿ ಅಣ್ಣ, ದೂರದಿಂದ ಕಾಣ್ಬೇಕು," ಅಂದಳು. ಅವರು ನಕ್ಕು, ಹಳದಿ ಅಕ್ಷರಕ್ಕೆ ಕೆಂಪು ಅಂಚು ಕೊಟ್ಟು ದಪ್ಪಗೆ ಬರೆದರು. ಆ ಮನೆಯಲ್ಲಿ ಪಾತ್ರೆಗಳ ಮೇಲೆಲ್ಲ ಇದ್ದದ್ದು ಅವಳ ಅತ್ತೆಯ ಹೆಸರು. ಜಮೀನಿನ ಪಹಣಿಯಲ್ಲೂ ಅಂಗಡಿ ಬೋರ್ಡಿನಲ್ಲೂ ಗಂಡಸರ ಹೆಸರು. ಅಕ್ಕನ ಹೆಸರಿದ್ದದ್ದು ಅದೊಂದು ಗಾಡಿಯ ಮೇಲೆ.

ಎರಡು ವರ್ಷ ಚೆನ್ನಾಗಿಯೇ ಓಡಿತು. ಒಂದು ದಿನ ಡ್ರೈವರ್ ರಜ ಹಾಕಿದ್ದ. ಕುಣಿಗಲ್ ಕಡೆಯಿಂದ ತೆಂಗಿನ ಸಸಿ ತರಬೇಕಿತ್ತು. ಭಾವ ನನ್ನನ್ನು ಕಳಿಸಿದರು. ಸಸಿ ತುಂಬಿಕೊಂಡು ವಾಪಸ್ ಬರುವಾಗ ಅಕ್ಕ ಫೋನ್ ಮಾಡಿದಳು. ಊಟಕ್ಕೆ ಬರ್ತೀಯಾ ಅಂತ ಕೇಳೋಕೆ. ಬಲಗೈಯಲ್ಲಿ ಸ್ಟೇರಿಂಗ್, ಎಡಗೈಯಲ್ಲಿ ಫೋನ್. ಅದು ಕೈಯಿಂದ ಜಾರಿ ಕಾಲ ಹತ್ತಿರ ಬಿತ್ತು. ಎತ್ತಿಕೊಳ್ಳೋಣ ಅಂತ ಬಗ್ಗಿದೆ. ಅಷ್ಟೇ. ಗಾಡಿ ಮೋರಿಯ ಕಟ್ಟೆಗೆ ಹೋಗಿ ಗುದ್ದಿತು. ಎಡಗಡೆಯ ಮಡ್‌ಗಾರ್ಡ್, ಹೆಡ್‌ಲೈಟ್ ಅಪ್ಪಚ್ಚಿ. ನನಗೆ ಹಣೆಯಲ್ಲಿ ಸಣ್ಣ ಗಾಯ. ಸಸಿಗಳೆಲ್ಲ ರಸ್ತೆಪಾಲು.

ಭಾವ ಬಂದಾಗ, "ನಾಯಿ ಅಡ್ಡ ಬಂತು," ಅಂದೆ. ಫೋನ್ ಆಗಲೇ ಕಟ್ ಆಗಿದ್ದಿರಬೇಕು, ಅಕ್ಕನಿಗೆ ಏನೂ ಕೇಳಿಸಿರಲಿಕ್ಕಿಲ್ಲ ಅಂದುಕೊಂಡೆ. ಅವಳೂ ಆ ಮಾತು ಎತ್ತಲಿಲ್ಲ.

ಆ ಸಂಜೆ ಗುಬ್ಬಿಯ ಮನೆಯಲ್ಲಿ ಅಕ್ಕನ ಅತ್ತೆ ಜಗಲಿಯ ಮೇಲೆ ಕೂತು, ಎಲ್ಲರಿಗೂ ಕೇಳುವ ಹಾಗೆ, "ಗಾಡಿಗೆ ಅವಳ ಹೆಸರು ಆಗಿ ಬರ್ಲಿಲ್ಲ. ನಾನು ಮೊದ್ಲೇ ಬ್ಯಾಡ ಅಂದೆ," ಅಂದರು. ಭಾವ ತಲೆಯಾಡಿಸಿದರು. ನನ್ನ ಹಣೆಯ ಗಾಯಕ್ಕೆ ಅರಿಶಿನ ಹಚ್ಚುತ್ತಿದ್ದ ಅಕ್ಕನ ಕೈ ಒಂದು ಗಳಿಗೆ ನಿಂತು, ಆಮೇಲೆ ಮತ್ತೆ ಹಚ್ಚತೊಡಗಿತು. ಕಾಫಿ ಕೊಟ್ಟಳು, ಕುಡಿದೆ.

ರಿಪೇರಿಯಾಗಿ ಬಂದ ಗಾಡಿಯ ಹಣೆಯ ಮೇಲೆ ಮನೆದೇವರ ಹೆಸರಿತ್ತು.

ಇದೆಲ್ಲ ಆಗಿ ನಾಲ್ಕು ವರ್ಷಕ್ಕೆ ಭಾವ ಮಾಡೆಲ್ ಕೇಳಿದ್ದು. ನಮ್ಮ ಕಡೆ ಓಡುವ ಪಿಕಪ್ಪಿನ ಕಿಟ್ಟು ಎಲ್ಲೂ ಸಿಗಲಿಲ್ಲ. ಆಕಾರ ಹತ್ತಿರವಿದ್ದ ಒಂದು ಜಪಾನಿ ಪಿಕಪ್ಪಿನ ಕಿಟ್ ತರಿಸಿದೆ. ನಿಜವಾದ ಗಾಡಿಯ ಇಪ್ಪತ್ನಾಲ್ಕರಲ್ಲಿ ಒಂದು ಪಾಲು. ಅಮೆರಿಕಕ್ಕೆ ಕಳಿಸುವ ಗಾಡಿಯ ಮಾದರಿ, ಅದಕ್ಕೆ ಸ್ಟೇರಿಂಗ್ ಎಡಗಡೆ. ಡ್ಯಾಶ್‌ಬೋರ್ಡನ್ನು ಮೂರು ತುಂಡು ಮಾಡಿ ಅದಲು ಬದಲು ಅಂಟಿಸಿ ಬಲಕ್ಕೆ ತಂದೆ. ಬಾನೆಟ್ಟು ಚಪ್ಪಟೆಯಾಗಿತ್ತು, ಪುಟ್ಟಿ ಮೆತ್ತಿ, ಉಜ್ಜಿ, ಮತ್ತೆ ಮೆತ್ತಿ ಎತ್ತರಿಸಿದೆ. ಹಿಂದಿನ ಬಾಡಿ ಯಾವುದಕ್ಕೂ ಬಾರದು ಅಂತ ಕಿತ್ತುಹಾಕಿ, ಪ್ಲಾಸ್ಟಿಕ್ ಶೀಟ್ ಕತ್ತರಿಸಿ ಹೊಸದು ಕಟ್ಟಿದೆ. ಸುಟ್ಟ ಮೋಟಾರಿನ ತಾಮ್ರದ ತಂತಿ ನೆಟ್ಟಗೆ ಮಾಡಿ ಮೇಲಿನ ಕಂಬಿ ಮಾಡಿದೆ.

ಅಳತೆ ತೆಗೆಯಲು ಗುಬ್ಬಿಗೆ ಹೋದಾಗ ಟೇಪಿನ ಇನ್ನೊಂದು ತುದಿ ಹಿಡಿದವಳು ಅಕ್ಕ. ಎಡಗಡೆಯ ಮಡ್‌ಗಾರ್ಡ್ ಹತ್ತಿರ ಬಂದಾಗ, "ಇಲ್ಲಿ ಬಣ್ಣ ಬೇರೆ ಥರ ಕಾಣುತ್ತಲ್ಲ, ಅದನ್ನೂ ಹಂಗೇ ಮಾಡ್ತೀಯಾ?" ಅಂತ ಕೇಳಿದಳು.

"ಮಾಡ್ತೀನಿ," ಅಂದೆ.

"ಎಲ್ಲಾ ಹಂಗೇ ಇರ್ಬೇಕು ಅಲ್ವಾ," ಅಂದಳು. ಟೇಪಿನ ತುದಿಯನ್ನು ಹೆಡ್‌ಲೈಟಿನ ಕಡೆಗೆ ಸರಿಸಿದಳು.

ಕೊನೆಗೆ ಉಳಿದದ್ದು ಹಣೆಯ ಹೆಸರು. ಮೂರು ಭಾನುವಾರ ಅದನ್ನು ಮುಟ್ಟಲಿಲ್ಲ. ನಾಲ್ಕನೆಯ ಭಾನುವಾರ ನಾಲ್ಕೇ ಕೂದಲಿನ ಬ್ರಷ್ ತೆಗೆದುಕೊಂಡು ಅಕ್ಕನ ಹೆಸರನ್ನೇ ಬರೆದೆ. ಹಳದಿ ಅಕ್ಷರ, ಕೆಂಪು ಅಂಚು. ಅದನ್ನು ನೋಡಿ ನನಗೆ ಬಹಳ ಸಮಾಧಾನವಾಯಿತು. ನಾನು ಮಾಡಿದ ತಪ್ಪನ್ನು ನಾನೇ ಸರಿಮಾಡಿದೆ ಅಂದುಕೊಂಡೆ. ಯಾರಿಗೂ ಏನೂ ಹೇಳದೆ, ಯಾರ ಕೈಲೂ ಬೈಸಿಕೊಳ್ಳದೆ ತಪ್ಪು ಸರಿಹೋಗುವುದಾದರೆ ಯಾರಿಗೆ ಬೇಡ?

ಗುಬ್ಬಿಯ ಅಂಗಡಿಯಲ್ಲಿ ಡಬ್ಬ ಬಿಚ್ಚಿ ಟೇಬಲ್ ಮೇಲಿಟ್ಟೆ. ಭಾವ ಕಣ್ಣರಳಿಸಿ ಸುತ್ತಲೂ ನೋಡಿದರು. ಚಕ್ರ ತಿರುಗಿಸಿದರು. ಹಣೆ ನೋಡಿದಾಗ ಮುಖ ಗಂಟಾಯಿತು.

"ಇದ್ಯಾವ ಗಾಡಿ ಮಾಡಿದೀಯಯ್ಯ?"

"ಮೊದಲು ಹಿಂಗೇ ಇತ್ತಲ್ಲ ಭಾವ."

"ಈಗಿರೋದು ಮಾಡು ಅಂದ್ರೆ ಮೊದಲಿಂದು ಮಾಡ್ಕೊಂಡ್ ಬಂದವ್ನೆ. ಅಮ್ಮ ನೋಡಿದ್ರೆ ಏನಂತಾರೆ? ಆವತ್ತು ನೀನೇ ಸಾಯ್ತಿದ್ದೆ, ಮರೆತೋಯ್ತಾ? ಅಳಿಸಿ ಸರಿಮಾಡ್ಕೊಂಡ್ ಬಾ. ಶುಕ್ರವಾರ ಪೂಜೆ ಇದೆ, ಅವತ್ತಿಡಣ."

ಹೇಳಬೇಕಾದ ಮಾತು ಬಾಯಿಯ ತನಕ ಬಂದಿತ್ತು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಇಲ್ಲದಿದ್ದರೂ ಹೇಳುತ್ತಿದ್ದೆ ಅಂತ ಈಗ ಅನಿಸುವುದಿಲ್ಲ. ಸರಿ ಭಾವ ಅಂದೆ, ಡಬ್ಬ ಮುಚ್ಚಿಕೊಂಡು ತುಮಕೂರಿನ ಬಸ್ ಹತ್ತಿದೆ. ಬಟ್ಟೆಗೆ ತಿನ್ನರ್ ಅದ್ದಿ ಒರೆಸಿದೆ. ಬರೆಯೋಕೆ ಒಂದು ಭಾನುವಾರ ಪೂರ್ತಿ ಹಿಡಿದಿತ್ತು. ಒರೆಸೋಕೆ ಎರಡು ನಿಮಿಷವೂ ಆಗಲಿಲ್ಲ. ಅದರ ಜಾಗದಲ್ಲಿ ದೇವರ ಹೆಸರು ಬರೆದೆ.

ಶುಕ್ರವಾರ ಅಂಗಡಿಯಲ್ಲಿ ಎಲ್ಲರೂ ಗಾಡಿಯನ್ನು ಹೊಗಳಿದರು. ಅಕ್ಕನ ಅತ್ತೆ ಅದಕ್ಕೂ ಕುಂಕುಮ ಇಟ್ಟರು. ಅಕ್ಕ ಮಾತ್ರ ಅದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿ, ವಾಪಸ್ ಇಟ್ಟಳು. ನಾನು ಹೊರಟಾಗ ಬಸ್ ಸ್ಟ್ಯಾಂಡಿನ ತನಕ ಜೊತೆಗೆ ಬಂದಳು.

"ಮೊದಲು ನನ್ ಹೆಸರು ಬರೆದಿದ್ದೆಯಂತೆ. ನಿಮ್ ಭಾವ ನಗಾಡ್ತಾ ಹೇಳಿದ್ರು."

"ಹೂಂ ಅಕ್ಕ."

"ಮತ್ತೆ ನೀನೇ ಅಳಿಸಿದ್ಯಾ?"

ಆಗ ನನ್ನ ಬಾಯಿಂದ ಎಲ್ಲ ಹೊರಬಂತು. ನಾಯಿ ಬರಲಿಲ್ಲ ಅಕ್ಕ, ಫೋನ್ ಎತ್ತೋಕೆ ಬಗ್ಗಿದ್ದೆ, ತಪ್ಪೆಲ್ಲ ನಂದೇ ಅಂದೆ. ಅವಳಿಗೆ ಆಶ್ಚರ್ಯವಾಗಲಿಲ್ಲ.

"ಗೊತ್ತು ಕಣೋ. ಫೋನ್ ಮಾಡಿದ್ದು ನಾನೇ ಅಲ್ವಾ. ಫೋನ್ ಬಿದ್ದಿದ್ದು ಕೇಳ್ತು, ಗುದ್ದಿದ್ದೂ ಕೇಳ್ತು. ನೀನು ಬದುಕಿದೀಯೋ ಇಲ್ವೋ ಅಂತ ಅರ್ಧ ಗಂಟೆ ಹಲೋ ಹಲೋ ಅಂತಿದ್ದೆ."

"ಮತ್ತೆ ಯಾಕಕ್ಕ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ ಭಾವ ನಿನ್ನ ನಮ್ಮನೆ ಮೆಟ್ಲು ಹತ್ತಕ್ಕೆ ಬಿಡ್ತಿದ್ರಾ? ನೀನೇ ಹೇಳ್ತೀಯ ಅಂದ್ಕೊಂಡೆ. ಇವತ್ತಲ್ಲ ನಾಳೆ ಹೇಳ್ತಾನೆ ಅಂತ ಕಾದೆ. ನಾಲ್ಕು ವರ್ಷ ಕೆಟ್ಟ ಹೆಸರಿನೋಳು ಅನ್ನಿಸ್ಕೊಂಡೆ. ಒಂದು ಮದುವೇಲಿ ಕಳಸ ಹಿಡಿಯಕ್ಕೂ ಕರೀಲಿಲ್ಲ ನನ್ನ. ನಿನಗೆ ಅದೂ ಗೊತ್ತಿಲ್ಲ."

ಗೊತ್ತಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

"ಈಗ್ಲೇ ಹೋಗಿ ಭಾವಂಗೆ ಹೇಳ್ಲಾ?"

"ಯಾರಿಗೋಸ್ಕರ? ನಿನ್ ಮನಸ್ಸು ಹಗುರ ಮಾಡ್ಕೊಳಕ್ಕಾ? ಬುಡು. ಬಸ್ ಬಂತು ನೋಡು."

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ತಿರುಗಿ ನೋಡಿದೆ. ಅವಳು ಆಗಲೇ ಹೊರಟುಹೋಗಿದ್ದಳು.

ಮೊದಲು ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದ ಅಕ್ಕ ಈಗ ಮಾಡುವುದಿಲ್ಲ. ನಾನು ಮಾಡಿದರೆ ಎತ್ತುತ್ತಾಳೆ, ಚೆನ್ನಾಗಿದೀವಿ ಅನ್ನುತ್ತಾಳೆ, ಒಲೆ ಮೇಲೆ ಏನೋ ಇದೆ ಅಂತ ಇಡುತ್ತಾಳೆ. ಹೋದ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಹೋಗಿದ್ದೆ. ಇಸ್ಕೊಂಡು ಊಟ ಬಡಿಸಿದಳು, ಸಾರು ಇನ್ನಷ್ಟು ಹಾಕಲಾ ಅಂತ ಕೇಳಿದಳು. ಬಂದ ನೆಂಟರಿಗೆಲ್ಲ ಕೇಳುವ ದನಿಯಲ್ಲೇ ಕೇಳಿದಳು. ಭಾವ ಹಳೆ ಗಾಡಿ ಮಾರಿ ಹೊಸ ಪಿಕಪ್ ತಂದಿದ್ದರು. ಅದರದೂ ಒಂದು ಮಾಡೆಲ್ ಮಾಡಿಕೊಡು ಅಂದರು.

ಕಿಟ್ಟು ಸಿಗ್ತಿಲ್ಲ ಭಾವ, ಅಂದೆ. ಅದೂ ಸುಳ್ಳೇ.