ಖಾಲಿ ಕುರ್ಚಿಯ ಸಾಹೇಬರು

ಸೇನೆಯ ಅಧಿಕಾರಿಗಳ ಜೊತೆ ಮರ್ಯಾದೆಯಿಂದ ಮಾತಾಡುವುದನ್ನು ನಾನು ಕಲಿತದ್ದು ಒಂದು ಖಾಲಿ ಪ್ಲಾಸ್ಟಿಕ್ ಕುರ್ಚಿಯ ಮುಂದೆ ನಿಂತು.

ದಾಂಡೇಲಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು, ಮೂಲತಃ ಹತ್ತಿರದ ಸಾಂಬ್ರಾಣಿ ಎಂಬ ಹಳ್ಳಿಯವರು. ಅಧಿಕಾರಿ ಹುದ್ದೆಯ ಸಂದರ್ಶನಕ್ಕೆ ನನಗೆ ಕರೆ ಬಂದಾಗ ಓಣಿಯವರೆಲ್ಲ ಪೇಢೆ ತಿಂದರು. ಕಾಕಾ ಮಾತ್ರ ಮರುದಿನವೇ ನನ್ನನ್ನು ತಯಾರು ಮಾಡುವ ಡ್ಯೂಟಿಗೆ ನಿಂತರು. ನನ್ನ ವಯಸ್ಸು ಮೀರುತ್ತಿತ್ತು. ನನಗೆ ಅದೇ ಕೊನೆಯ ಅವಕಾಶ.

ಸಂಜೆಯಾದರೆ ಅವರ ಅಂಗಳದಲ್ಲಿ ತಾಲೀಮು. ಕುರ್ಚಿ ಹಾಕಿ, ತಾವು ಅದರ ಪಕ್ಕ ನಿಂತು, ಸಾಹೇಬರ ಪ್ರಶ್ನೆಗಳನ್ನು ಕೇಳುತ್ತಿದ್ದರು. ನಾನು ಕುರ್ಚಿಗೆ ಉತ್ತರ ಕೊಡಬೇಕು. ನೀವೇ ಕೂತು ಕೇಳಬಾರದೇ ಎಂದರೆ ಗದರಿದರು.

“ಸಾಹೇಬ್ರ ಕುರ್ಚಿಮ್ಯಾಲೆ ನಾ ಹೆಂಗ ಕೂಡ್ಲಿ? ಅವರು ಅಲ್ಲೇ ಕೂತಾರ ಅಂತ ತಿಳ್ಕೊ.”

ಸ್ವಂತ ಅಂಗಳ, ಸ್ವಂತ ಕುರ್ಚಿ. ನನಗೆ ನಗು ತಡೆಯಲಾಗುತ್ತಿರಲಿಲ್ಲ. ನಕ್ಕರೆ ಅಂಗಳ ಸುತ್ತು ಹಾಕಿಸುತ್ತಿದ್ದರು.

ಹಿಮ್ಮಡಿ ಕೂಡಿಸು, ಗದ್ದ ಎತ್ತು, ಕೇಳಿದಷ್ಟಕ್ಕೇ ಉತ್ತರ ಕೊಡು, ‘ಸರ್’ ಬಿಡಬೇಡ. ಇಷ್ಟೇ ಅವರ ಪಾಠ. ಒಂದು ಸಂಜೆ, ಸಾಹೇಬರು ಕೂಡಲು ಹೇಳಿದರೆ ಹೇಗಿರಬೇಕು ಎಂದು ಕೇಳಿದೆ. ಕಾಕಾ ಕುರ್ಚಿಯ ಕಡೆ ನೋಡಿದರು.

“ನಿಲ್ಲೂದು ನನಗ ಗೊತ್ತೈತಿ ತಂಗಿ. ಅವರ ಎದುರಿಗೆ ಕೂಡೂದು ಗೊತ್ತಿಲ್ಲ.”

ಅಷ್ಟು ವರ್ಷ ದುಡಿದ ಮನುಷ್ಯನ ಬಾಯಲ್ಲಿ ಆ ಮಾತು ಕೇಳಿ ನನಗೆ ಸಂಕಟವಾಯಿತು.

ಕೂಡಿಸುವ ವಿದ್ಯೆ ನಮ್ಮವ್ವನದು. ಕಾಗದದ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಅವಳದೊಂದು ಸಣ್ಣ ಖಾನಾವಳಿ. ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, ಬಾಗಿಲಿಗೆ ಬಂದವರಿಗೆಲ್ಲ “ಬರ್ರಿ, ಮೊದಲ ಕೂಡ್ರಿ” ಎನ್ನುತ್ತಾಳೆ. ಕಾರಿನಿಂದ ಇಳಿದ ಗುತ್ತಿಗೆದಾರನಿಗೂ ಅದೇ, ಲಾರಿ ಖಾಲಿ ಮಾಡಿ ಬೆವರೊರೆಸಿಕೊಳ್ಳುತ್ತ ಬಂದ ಹಮಾಲನಿಗೂ ಅದೇ. ಒಬ್ಬ ಗುತ್ತಿಗೆದಾರ ಹಮಾಲನ ಪಕ್ಕ ಕೂರಲು ಮುಖ ಸಿಂಡರಿಸಿದಾಗ, ಹಾಗಾದರೆ ನಿಂತೇ ಉಣ್ಣಿರಿ ಎಂದು ಅಷ್ಟೇ ಮರ್ಯಾದೆಯಿಂದ ಹೇಳಿದ್ದಳು. ಅವನು ಕೂತ.

ಸಂದರ್ಶನದ ಕೋಣೆಯಲ್ಲಿ ಒಬ್ಬ ಹಿರಿಯ ಅಧಿಕಾರಿ ಇದ್ದರು. ಕೂಡಲು ಹೇಳಿದರು. ಕೂತೆ, ಆದರೆ ಬೆನ್ನು ನಿಂತೇ ಇತ್ತು. ಕೇಳಿದ್ದಕ್ಕೆಲ್ಲ ‘ಯೆಸ್ ಸರ್’, ‘ನೋ ಸರ್’. ಅವರು ಪೆನ್ನು ಕೆಳಗಿಟ್ಟು, ಈ ಕವಾಯತು ಯಾರು ಕಲಿಸಿದರು ಎಂದರು. ಅವಕಾಶ ಕೈಜಾರಿತು ಅಂದುಕೊಂಡೆ. ಇನ್ನೇನು ಎಂದು ಕಾಕಾನ ವಿಷಯ, ಖಾಲಿ ಕುರ್ಚಿಯ ವಿಷಯ ಎಲ್ಲ ಹೇಳಿಬಿಟ್ಟೆ. ಅವರು ನಗಲಿಲ್ಲ. ನೀವು ಅಧಿಕಾರಿಯಾದರೆ ಆ ಹವಾಲ್ದಾರರು ನಿಮಗೆ ಸೆಲ್ಯೂಟ್ ಹೊಡೆಯುತ್ತಾರೆ, ಆಗ ಅವರಿಗೆ ಏನೆನ್ನುತ್ತೀರಿ ಎಂದು ಕೇಳಿದರು.

ಅಂಗಳದಲ್ಲಿ ಇದರ ತಾಲೀಮು ಆಗಿರಲಿಲ್ಲ. ಸೆಲ್ಯೂಟಿಗೆ ಸೆಲ್ಯೂಟ್ ಕೊಡುತ್ತೇನೆ ಸರ್, ಆಮೇಲೆ ‘ಮೊದಲು ನೀವು ಕೂತುಕೊಳ್ಳಿ’ ಎನ್ನುತ್ತೇನೆ, ನಮ್ಮವ್ವ ಎಲ್ಲರಿಗೂ ಅನ್ನುವುದು ಅದೇ ಎಂದೆ. ಹೇಳುತ್ತ ಹೇಳುತ್ತ ಬೆನ್ನು ತಾನೇ ಸಡಿಲಾಯಿತು. ಮುಂದೆ ಅವರು ದಾಂಡೇಲಿ ಎಂದರೆ ಪ್ರವಾಸಿಗರ ಊರು ಅಲ್ಲವೇ ಎಂದಾಗ, ಅಲ್ಲ ಸರ್, ನಮಗದು ದುಡಿಯುವ ಊರು ಎಂದು ವಾದಕ್ಕೇ ಇಳಿದೆ. ‘ಸರ್’ ಬಿಡಲಿಲ್ಲ, ಮಾತನ್ನೂ ಬಿಡಲಿಲ್ಲ.

ಆಯ್ಕೆಯಾದೆ. ತರಬೇತಿ ಮುಗಿಸಿ, ಹೆಗಲ ಮೇಲೆ ನಕ್ಷತ್ರ ಹೊತ್ತು, ಮೊದಲ ರಜೆಗೆ ಯೂನಿಫಾರ್ಮಿನಲ್ಲೇ ಕಾಕಾನ ಅಂಗಳಕ್ಕೆ ಹೋದೆ. ಅವ್ವನೂ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಕಾಕಾ ಹಳೆಯ ಟೋಪಿ ಧರಿಸಿ ಅದೇ ಕುರ್ಚಿಯ ಪಕ್ಕ ನೆಟ್ಟಗೆ ನಿಂತಿದ್ದರು. ಸೆಲ್ಯೂಟ್ ಹೊಡೆದರು. ನಾನೂ ಕೊಟ್ಟೆ.

“ಕೂಡ್ರಿ ಸಾಹೇಬ್ರ. ನಿಮ್ಮ ಕುರ್ಚಿ ಇದು.”

“ಮೊದಲ ನೀವು ಕೂಡ್ರಿ ಕಾಕಾ.”

“ಹುಕುಮ್ ಏನ್ರಿ?”

“ನಂದಲ್ರಿ. ಅವ್ವಂದು.”

ಕಾಕಾ ಅವ್ವನ ಮುಖ ನೋಡಿದರು. ಮೆಲ್ಲಗೆ ಕುರ್ಚಿಯ ತುದಿಗೆ ಕೂತರು. ಆಮೇಲೆ ಹಿಂದಕ್ಕೆ ಸರಿದು ಬೆನ್ನು ಆನಿಸಿದರು. ನಾನು ಕಟ್ಟೆಯ ಮೇಲೆ ಕೂತೆ. ನಕ್ಷತ್ರ ಹಚ್ಚಿಕೊಂಡ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಕಾಕಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಸಾಹೇಬರಿಗೊಂದು ಚಹಾ ತರಲು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದರು. ಆಮೇಲೆ, ತಮಗೂ ಒಂದು ಎಂದರು.