ಮಲಗಿ ನೋಡಿ ಕೊಟ್ಟ ಹಾಸಿಗೆ

ನಮ್ಮ ಯಜಮಾನರು ಹಾಸಿಗೆ ಹೊಲಿಯುವವರು. ಹತ್ತಿ ಹಿಂಜಿ, ತುಂಬಿ, ದಬ್ಬಳದಲ್ಲಿ ಹೊಲಿದು ಮುಗಿಸಿದ ಮೇಲೆ, ಅದರ ಮೇಲೆ ಮಧ್ಯಾಹ್ನ ಒಂದು ನಿದ್ದೆ ತೆಗೆಯದೆ ಯಾರಿಗೂ ಕೊಟ್ಟವರಲ್ಲ. ಗಿರಾಕಿ ಬಾಗಿಲಲ್ಲಿ ನಿಂತು ಕೆಮ್ಮುತ್ತಿರುತ್ತಾನೆ, ಇವರು ಒಳಗೆ ಗೊರಕೆ. ಎದ್ದ ಮೇಲೆ ಆ ಹಾಸಿಗೆಯಲ್ಲಿ ಬಿದ್ದ ಕನಸನ್ನೂ ಹೇಳಿ ಕಳಿಸುತ್ತಾರೆ. ಬೀದಿಯವರು ಇಟ್ಟ ಹೆಸರು ನಿದ್ದೆ ಸಾಹುಕಾರ. ನನಗೆ ಮೈ ಉರಿಯುತ್ತಿತ್ತು, ಇವರಿಗೆ ಮಾತ್ರ ಬಿರುದು ಸಿಕ್ಕಷ್ಟು ಖುಷಿ.

ನಮ್ಮ ಒಬ್ಬಳೇ ಮಗಳಿಗೆ, ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಕೋರ್ಸು ಓದುವ ಆಸೆ. ಅದಿರುವುದು ದೂರದ ಊರಿನ ಒಂದೇ ಕಾಲೇಜಿನಲ್ಲಿ. ಮೊದಲ ವರ್ಷ ಅರ್ಧ ಅಂಕಕ್ಕೆ ಸೀಟು ತಪ್ಪಿತು. ಅರ್ಧ ಅಂಕದಲ್ಲಿ ಯಾವ ಮಗು ಜಾಣ, ಯಾವುದು ದಡ್ಡ ಎಂದು ತೂಗುವವರ ತಕ್ಕಡಿಗೆ ಬೆಂಕಿ ಬೀಳಲಿ. ಇನ್ನೊಂದು ವರ್ಷ ಅವಳು ಓದಿದಳು. ಮನೆಯಲ್ಲಿ ಯಾರೂ ಜೋರಾಗಿ ಸೀನಲೂ ಇಲ್ಲ. ಸೀಟು ಇನ್ನೂ ಕೈಗೆ ಬಂದಿರಲಿಲ್ಲ, ಅಷ್ಟರಲ್ಲೇ ಇವರು ಹಾಸ್ಟೆಲಿಗೆಂದು ಹಾಸಿಗೆ ಹೊಲಿದು ಮುಗಿಸಿದರು.

"ಕೂಸು ಹುಟ್ಟೋ ಮುಂಚೆ ಕುಲಾವಿ ಅಂದ್ರೆ ಇದೇ. ಅದೂ ಇಷ್ಟು ಅಗಲ. ಮಂಚದಿಂದ ಆಚೆ ನೇತಾಡುತ್ತೆ," ಎಂದೆ.

"ಇರ್ಲಿ ಬಿಡೆ. ಮಗು ಹೊರಳಾಡ್ತಾಳೆ," ಎಂದು ಅದರ ಮೇಲೆ ಮಲಗಿಯೇಬಿಟ್ಟರು.

ಎದ್ದಾಗ ಮುಖ ಬೆಳಗುತ್ತಿತ್ತು. ಕನಸಿನಲ್ಲಿ ಒಂದು ಪುಟ್ಟ ಕೋಣೆಯಂತೆ, ಕಿಟಕಿಯ ತುಂಬ ಮರವಂತೆ. ಎಲೆಗಳ ನೆರಳು ಗೋಡೆಯ ಮೇಲೆ ನೀರಿನಂತೆ ಆಡುತ್ತಿತ್ತಂತೆ, ಮಗಳು ಓದುತ್ತಾ ಓದುತ್ತಾ ನಿದ್ದೆ ಹೋಗಿದ್ದಳಂತೆ. ಕೇಳುತ್ತಾ ನನಗೂ ಕಣ್ಣು ಎಳೆಯಿತು. ಸೀಟೂ ಬಂತು. ಆ ಕನಸಿನ ಧೈರ್ಯದಲ್ಲಿ, ಕಾಲೇಜಿನ ಪಕ್ಕ ಬಾಡಿಗೆಗೆ ಸಿಕ್ಕಿದ್ದ ಒಂದೇ ಒಂದು ಕೋಣೆಯನ್ನು "ಬೇಡ, ನಮಗೆ ಹಾಸ್ಟೆಲ್ ಸಿಗುತ್ತೆ" ಎಂದು ಇವರು ಫೋನಿನಲ್ಲೇ ಬಿಟ್ಟುಕೊಟ್ಟರು.

ಕಾಲೇಜು ಶುರುವಾಗುವ ಹಿಂದಿನ ದಿನ ಹಾಸಿಗೆಯ ಸುರುಳಿ ಹೊತ್ತು ಹೋದೆವು. ವಾರ್ಡನ್ ಕನ್ನಡಕದ ಮೇಲಿಂದ ನೋಡಿದರು.

"ಸೀಟು ಕೊಟ್ಟಿದ್ದು ಕಾಲೇಜು, ಅಮ್ಮಾ. ಹಾಸ್ಟೆಲ್ ಭರ್ತಿಯಾಗಿದೆ."

"ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅನ್ನೋದು ಸುಳ್ಳಲ್ಲ. ಓದೋಕೆ ಕರೆದು, ಮಲಗೋಕೆ ಮರ ಹತ್ತು ಅಂತೀರಾ?" ಎಂದು ರೇಗಿದೆ. ಜಾಗ ಸಿಗದಿದ್ದರೆ ಮಗಳು ನಮ್ಮ ಜೊತೆಗೇ ವಾಪಸ್ ಬಸ್ ಹತ್ತಬೇಕು, ಸೀಟು ಬೇರೆಯವರ ಪಾಲು. ಕೊನೆಗೆ ವಾರ್ಡನ್, ಮೇಲಿನ ಮಹಡಿಯಲ್ಲಿ ಹಳೇ ಸಾಮಾನು ಇಡುವ ಕೋಣೆ ಖಾಲಿಯಾಗಿದೆ, ಒಂದು ಮಂಚ ಇದೆ ಎಂದರು. ನಾವು ಹತ್ತಿ ಹೋಗುವಷ್ಟರಲ್ಲಿ ಬಸ್ ಕಂಡಕ್ಟರ್ ಹೆಂಗಸೊಬ್ಬಳು, ಕೆಲಸದ ಯೂನಿಫಾರ್ಮಿನಲ್ಲೇ, ತನ್ನ ಮಗಳ ಕೈ ಹಿಡಿದು ಅದೇ ಬಾಗಿಲಿಗೆ ಬಂದಳು.

"ಮೊದಲು ಬಂದಿದ್ದು ನಾವು," ಎಂದೆ.

"ಈ ಹಾಸ್ಟೆಲಿಗೆ ಎಷ್ಟು ಸಲ ಬಂದು ಹೋಗಿದ್ದೀನಿ ಗೊತ್ತಾ ಅಕ್ಕಾ?" ಎಂದಳು. ಮಾತಿಗೆ ಮಾತು ಬೆಳೆಯಿತು.

ಇತ್ತ ಇವರು ಕೋಣೆಯೊಳಗೆ ಹೋಗಿ, ಹಾಸಿಗೆ ಬಿಚ್ಚಿ, ಕಣ್ಣು ಮುಚ್ಚಿ ಮಲಗಿಬಿಟ್ಟಿದ್ದರು. ಕಿಟಕಿಯ ಆಚೆ ನಿಜಕ್ಕೂ ಮರವಿತ್ತು. ಎಲೆಯ ನೆರಳು ಅವರ ಮುಖದ ಮೇಲೆ ಬಂದು ಹೋಗುತ್ತಿತ್ತು. ಅದನ್ನು ನೋಡಿ ನಾವು ಅದೇಕೋ ದನಿ ತಗ್ಗಿಸಿದೆವು.

ಎದ್ದು ಕೂತವರು, "ಕನಸಲ್ಲಿ ಇಬ್ಬರಿದ್ರು," ಎಂದರು.

ಚೀಲದಿಂದ ಕತ್ತರಿ, ದಬ್ಬಳ ತೆಗೆದರು. ಅಷ್ಟು ಪ್ರೀತಿಯಿಂದ ಹೊಲಿದದ್ದನ್ನು ನಡುವೆ ಬಿಚ್ಚಿ ಎರಡು ಮಾಡತೊಡಗಿದರು. ಹತ್ತಿ ಕೋಣೆಯ ತುಂಬ ತೇಲಿತು. ಅಂಚು ಹಿಡಿದುಕೊಳ್ಳಲು ಕಂಡಕ್ಟರಮ್ಮ ಕೂತಳು. ನಾನೊಬ್ಬಳು ಎಷ್ಟು ಹೊತ್ತು ಬಿಗಿದುಕೊಂಡು ನಿಲ್ಲಲಿ, ನಾನೂ ಕೂತೆ. ಮಂಚ ಹೊರಗೆ ಹೋಯಿತು. ನೆಲದ ಮೇಲೆ ಎರಡು ಹಾಸಿಗೆ ಪಕ್ಕಪಕ್ಕ ಸರಿಯಾಗಿ ಹಿಡಿಸಿದವು. ವಾರ್ಡನ್ ಎರಡೂ ಹೆಸರು ಬರೆದುಕೊಂಡರು.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ: "ಅಲ್ಲಾ ರೀ, ಅಷ್ಟು ಗಲಾಟೆಯಲ್ಲಿ ನಿಜವಾಗ್ಲೂ ಕನಸು ಬಿತ್ತಾ?"

"ನಿದ್ದೆಯೇ ಬರ್ಲಿಲ್ಲ ಕಣೆ," ಎಂದರು. "ಆ ಕಂಡಕ್ಟರಮ್ಮನ ಹುಡುಗಿ ಅಳೋದು ಕೇಳ್ತಾ ಇತ್ತು."

ಅವಳ ಪಕ್ಕದಲ್ಲೇ ನಿಂತಿದ್ದ ನನಗೆ ಅದು ಕೇಳಿಸಿರಲೇ ಇಲ್ಲ.